ಮೇಡಂ ಬರೆದ ಬೇಸಿಗೆ

ಅವರ ಬಲ ಅಂಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಬಣ್ಣ ಹಿಡಿದಿರುತ್ತಿತ್ತು. ಕೆಲವು ವಾರ ನೀಲಿ, ಕೆಲವು ವಾರ ಕಂದು. ಆಫೀಸಿನಲ್ಲಿ ಎಲ್ಲರೂ ಮಳೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದರೆ ಅವರೊಬ್ಬರು ಬರೀ ಗೆರೆಗಳ ನಕ್ಷೆಯನ್ನು ಪ್ರಿಂಟ್ ಹಾಕಿಸಿ, ಬಣ್ಣದ ಪೆನ್ಸಿಲ್ ಹಿಡಿದು, ಜಿಲ್ಲೆ ಜಿಲ್ಲೆಯಾಗಿ ತುಂಬುತ್ತಿದ್ದರು. ಮಣ್ಣಿನಲ್ಲಿ ತೇವ ಇರುವ ಕಡೆ ನೀಲಿ, ಇಲ್ಲದ ಕಡೆ ಕಂದು. ಕೈ ಕಾಗದದ ಮೇಲೆ ಜರುಗಿದಂತೆ ಬಣ್ಣ ಅಂಗೈಗೆ ಹತ್ತುತ್ತಿತ್ತು. ಯಾಕೆ ಇಷ್ಟು ಕಷ್ಟಪಡುತ್ತೀರಿ ಎಂದು ಕೇಳಿದ್ದಕ್ಕೆ, "ಕೈಲೆ ಹಚ್ಚಿದ್ರ ತಲೀಗೆ ಹತ್ತತದ. ಪರದೆ ನೋಡಿದ್ರ ಕಣ್ಣಿಗಷ್ಟ" ಎಂದಿದ್ದರು.

ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಅವರು ಧಾರವಾಡದವರು. ಊರಿನ ಕಡೆ ಹವಾಮಾನದ ಕೆಲಸವನ್ನು ವರ್ಷಗಟ್ಟಲೆ ಮಾಡಿ, ಐವತ್ತು ದಾಟಿದ ಮೇಲೆ ಸಿಂಗಾಪುರದ ಒಂದು ಧಾನ್ಯದ ಕಂಪನಿಗೆ ಬಂದಿದ್ದರು. ಕಂಪನಿ ಅಮೆರಿಕದಿಂದ ಮೆಕ್ಕೆಜೋಳ ಕೊಂಡು, ಈ ಭಾಗದ ಕೋಳಿ ಫಾರ್ಮುಗಳಿಗೂ ಮೇವಿನ ಗಿರಣಿಗಳಿಗೂ ಮಾರುತ್ತಿತ್ತು. ಅಲ್ಲಿ ಮೇಡಂ ಕೆಲಸ ಒಂದೇ. ಅಯೋವಾ, ಇಲಿನಾಯ್, ಇಂಡಿಯಾನಾ, ನೆಬ್ರಾಸ್ಕಾ ಎಂಬ ಅಮೆರಿಕದ ನಡುಭಾಗದ ಜೋಳದ ನಾಡಿನಲ್ಲಿ ಬರುವ ಬೇಸಿಗೆ ಹೇಗಿರುತ್ತದೆ ಎಂದು ಮೊದಲೇ ಹೇಳುವುದು. ಪ್ರತಿ ಮೇ ತಿಂಗಳಲ್ಲಿ ಅವರ ಬೇಸಿಗೆ ಮುನ್ನೋಟ, ಅವರ ಸಹಿಯೊಂದಿಗೆ, ಕಂಪನಿಯ ಗಿರಾಕಿಗಳಿಗೆಲ್ಲ ಪತ್ರವಾಗಿ ಹೋಗುತ್ತಿತ್ತು. ಅವರ ಟಿಪ್ಪಣಿಯನ್ನು ಗಿರಾಕಿಗಳಿಗೆ ಅರ್ಥವಾಗುವ ಹಾಗೆ ಬರೆದುಕೊಡುವುದು ನನ್ನ ಕೆಲಸ. ನಾನು ಮೈಸೂರಿನವಳು, ಆಗ ಇಪ್ಪತ್ತಾರು ವರ್ಷ, ಜುರಾಂಗ್ ಈಸ್ಟ್‌ನಲ್ಲಿ ಇನ್ನಿಬ್ಬರ ಜೊತೆ ಒಂದು ರೂಮು.

ಅವರು ಆ ನಾಡನ್ನು ಒಮ್ಮೆಯೂ ನೋಡಿರಲಿಲ್ಲ. ವರ್ಷವಿಡೀ ಒಂದೇ ಸೆಕೆ ಇರುವ ಊರಿನಲ್ಲಿ, ಏಸಿಗೆ ಹೆದರಿ ಸ್ವೆಟರ್ ಹಾಕಿಕೊಂಡು ಕೂತು, ಇನ್ನೊಬ್ಬರ ಬೇಸಿಗೆಯ ಚಿಂತೆ ಮಾಡುತ್ತಿದ್ದರು. ಅಯೋವಾದ ಸಣ್ಣಪುಟ್ಟ ಊರಿನ ಪತ್ರಿಕೆಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಬೆಳಿಗ್ಗೆ ಓದುತ್ತಿದ್ದರು. ಚರ್ಚಿನ ಊಟ ಮಳೆಯಿಂದ ಮುಂದಕ್ಕೆ ಹೋಯಿತೇ, ಬಾವಿ ತೋಡುವವರ ಜಾಹೀರಾತು ಹೆಚ್ಚಾಯಿತೇ, ಶಾಲೆಯ ಮೈದಾನಕ್ಕೆ ನೀರು ಬಿಡುತ್ತಿದ್ದಾರೆಯೇ, ಎಲ್ಲವೂ ಅವರಿಗೆ ಬೇಕು. "ಉಪಗ್ರಹ ಸುಳ್ಳು ಹೇಳಂಗಿಲ್ಲ, ಖರೆ. ಆದ್ರ ಊರಾಗಿನ ಮಂದಿ ಅದಕ್ಕಿಂತ ಮೊದಲ ಹೇಳ್ತಾರ" ಎನ್ನುತ್ತಿದ್ದರು. ಆಫೀಸಿನ ಉಳಿದ ಕನ್ನಡದವರ ಮುಂದೆ ಬೆಂಗಳೂರಿನ ಮಾತು ಆಡುತ್ತಿದ್ದ ಅವರಿಗೆ, ನನ್ನ ಮುಂದೆ, ಅದರಲ್ಲೂ ಸಿಟ್ಟು ಬಂದಾಗ, ಧಾರವಾಡ ಬಾಯಿಗೆ ಬಂದುಬಿಡುತ್ತಿತ್ತು.

ಸಿಟ್ಟು ಅವರಿಗೆ ಆಗಾಗ ಬರುತ್ತಿತ್ತು. ಬೆಡೋಕ್‌ನ ಅವರ ಬ್ಲಾಕಿನ ಲಿಫ್ಟಿನಲ್ಲಿ ಯಾರೋ, "ಆಂಟಿ, ನೀವು ವೆದರ್‌ನಲ್ಲಿ ಇದ್ದೀರಲ್ಲಾ, ಇವತ್ತು ಮಳೆ ಬರುತ್ತಾ?" ಎಂದು ನಕ್ಕರೆ, "ಯಾಕೆ, ನಿಮ್ಮ ಫ್ಲ್ಯಾಟಿಗೆ ಕಿಟಕಿ ಇಟ್ಟಿಲ್ವಾ?" ಎಂದು ಕೇಳುತ್ತಿದ್ದರು. ನನ್ನ ಬರಹದ ಮೇಲಂತೂ ದಿನಾ ಬೈಗುಳ. ಒಮ್ಮೆ ನಾನು "ಒಳ್ಳೆಯ ಮಳೆಯ ನಿರೀಕ್ಷೆ ಇದೆ" ಎಂಬರ್ಥದ ಸಾಲು ಬರೆದಿದ್ದೆ. ಕಾಗದವನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟು, "ಯಾರ ನಿರೀಕ್ಷೆ ಇದು? ನಿಂದೋ, ಮೋಡದ್ದೋ?" ಎಂದು ಕೇಳಿದರು. "ನಮಗ ಗೊತ್ತಿದ್ದದ್ದು ಇಷ್ಟ, ಗೊತ್ತಿಲ್ಲದ್ದು ಇಷ್ಟ. ಎರಡನ್ನೂ ಬರಿ. ಓದಾಂವ ಅದರ ಮ್ಯಾಲೆ ಮನಿ ನಡಸ್ತಾನ."

ಪ್ರತಿ ಮುನ್ನೋಟದ ಅಡಿಯಲ್ಲಿ ಒಂದು ಸಾಲು ಇರಲೇಬೇಕೆಂದು ಹಟ ಹಿಡಿದವರೂ ಅವರೇ. "ಇದು ಸಾಧ್ಯತೆ ಮಾತ್ರ, ಖಾತರಿಯಲ್ಲ." ಪ್ರಾಮಾಣಿಕತೆಗಾಗಿ ಅವರು ಹಾಕಿಸಿದ ಆ ಸಾಲು ಯಾರನ್ನು ಕಾಪಾಡಿತು ಎಂಬುದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಉಕ್ಕುತ್ತದೆ. ಸಿಟ್ಟು ಆರಿದ ಮೇಲೆ ಬರೆಯೋಣ ಎಂದು ಇದನ್ನು ಬಹಳ ದಿನ ಮುಂದೂಡಿದೆ. ಆರಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ಅದು 2012ರ ವಸಂತ. ಅಮೆರಿಕದ ಆ ಭಾಗದಲ್ಲಿ ಚಳಿಗಾಲ ಚಳಿಗಾಲದಂತೆ ಇರಲಿಲ್ಲ, ಹಿಮ ಸರಿಯಾಗಿ ಬಿದ್ದಿರಲಿಲ್ಲ. ಮಾರ್ಚ್‌ನಲ್ಲೇ ಬಿಸಿಲು. ರೈತರು ಖುಷಿಯಿಂದ ಬೇಗ ಬಿತ್ತಿದ್ದರು. ಎಲ್ಲ ಪತ್ರಿಕೆಗಳೂ ಈ ಸಲ ಭರ್ಜರಿ ಬೆಳೆ ಎನ್ನುತ್ತಿದ್ದವು. ಮೇಡಂ ಅಂಗೈ ಮಾತ್ರ ಏಪ್ರಿಲ್ ಪೂರ್ತಿ ಕಂದು. ಒಂದು ದಿನ ಊಟದ ಹೊತ್ತಿಗೆ ಊಟದ ಅಂಗಡಿಗಳ ಹಾಕರ್ ಸೆಂಟರಿನಲ್ಲಿ, ತರಕಾರಿ ಬೀ ಹೂನ್ ಶಾವಿಗೆಯ ಮೇಲೆ ಊರಿಂದ ತಂದ ಶೇಂಗಾ ಚಟ್ನಿಪುಡಿ ಉದುರಿಸಿಕೊಳ್ಳುತ್ತಾ ಹೇಳಿದರು.

"ಬಿತ್ತಿದ್ದು ಬೇಗ, ಅಂದಮ್ಯಾಲೆ ಸೂಲಂಗಿ ಒಡೆಯೋದೂ ಬೇಗ. ಜೂನ್ ಕಡೀಕೆ, ಜುಲೈ ಮೊದಲಿಗೆ. ಗೋವಿನಜೋಳಕ್ಕ ಆ ಎರಡು ವಾರನ ಜೀವ. ತುದಿಯ ಹೂವು, ಅದ ಸೂಲಂಗಿ, ಅದರಿಂದ ಪುಡಿ ಉದುರಿ ತೆನಿಯ ಕೂದಲಿಗೆ ಬೀಳಬೇಕು, ಆವಾಗ ಕಾಳು ಕಟ್ಟತದ. ಆ ಹೊತ್ತಿಗೆ ಬಿಸಿಗಾಳಿ ಬಂತಂದ್ರ ಕೂದಲು ಒಣಗಿ ಹೋಗತದ. ಗಿಡ ಹಸರ ಇರತದ, ತೆನಿ ಬೋಳು. ಭೂಮ್ಯಾಗ ಹಸಿ ಇದ್ರ ತಡಕೋತದ. ಹಸಿ ಎಲ್ಲದ?"

"ಎಲ್ಲರೂ ಬಂಪರ್ ಕ್ರಾಪ್ ಅಂತಿದ್ದಾರಲ್ಲ ಮೇಡಂ?"

"ಅವರು ಮ್ಯಾಲಿನ ಹಸರ ನೋಡ್ಲಿಕ್ಕತ್ಯಾರ" ಎಂದು ತಿನ್ನಲು ಶುರು ಮಾಡಿದರು.

ಮೇ ಮೊದಲ ವಾರ ಅವರು ಮುನ್ನೋಟ ಬರೆದುಕೊಟ್ಟರು. ಸುತ್ತಿ ಬಳಸಿ ಹೇಳಿರಲಿಲ್ಲ. ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಒಣಹವೆ ಮತ್ತು ಅತಿ ಬಿಸಿಲಿನ ಸಾಧ್ಯತೆ ಹೆಚ್ಚು, ಬೆಳೆಗೆ ಅದು ಅತಿ ಸೂಕ್ಷ್ಮ ಕಾಲ, ಜೋಳ ಬೇಕಾದವರು ಹೊಸ ಬೆಳೆಗೆ ಕಾಯುವ ಮುನ್ನ ಯೋಚಿಸಲಿ. ಅದನ್ನು ವ್ಯಾಪಾರ ವಿಭಾಗದ ಮುಖ್ಯಸ್ಥನಿಗೂ ನನಗೂ ಕಳಿಸಿ, ಅಕ್ಕನ ಕಣ್ಣಿನ ಆಪರೇಶನ್ನಿಗೆಂದು ಹತ್ತು ದಿನದ ರಜೆ ಹಾಕಿ ಧಾರವಾಡಕ್ಕೆ ಹೋದರು.

ಅವರು ಹೋದ ಮೂರನೆಯ ದಿನ ಮಧ್ಯಾಹ್ನ ಮುಖ್ಯಸ್ಥ ನನ್ನನ್ನು ಕರೆದ. ಅವನೂ ನಮ್ಮ ಕಡೆಯವನೇ, ಬೆಂಗಳೂರು. ಮೇಡಂ ಟಿಪ್ಪಣಿಯ ಪ್ರಿಂಟ್ ಅವನ ಮುಂದಿತ್ತು. ಎರಡು ಪ್ಯಾರಾಗಳ ಮೇಲೆ ಅಡ್ಡಗೆರೆ.

"ಇದು ಸ್ವಲ್ಪ ಸ್ಟ್ರಾಂಗ್ ಆಯ್ತು. ಕ್ಲೈಂಟ್ಸ್ ಪ್ಯಾನಿಕ್ ಆಗ್ತಾರೆ. ನಾರ್ಮಲ್ ರೇನ್, ಗುಡ್ ಕ್ರಾಪ್, ನೋ ಹರಿ ಟು ಬೈ. ಆ ಥರ ಸಾಫ್ಟ್ ಮಾಡು."

"ಮೇಡಂನ ಒಂದ್ಸಲ ಕೇಳಲಾ ಸರ್?"

"ಅವರು ಲೀವ್‌ನಲ್ಲಿ ಇದ್ದಾರೆ, ಡಿಸ್ಟರ್ಬ್ ಮಾಡ್ಬೇಡ." ಆಮೇಲೆ ತುಂಬಾ ಸಹಜವಾಗಿ, "ನಿನ್ನ ವರ್ಕ್ ಪಾಸ್ ರಿನ್ಯೂವಲ್ ಈ ಕ್ವಾರ್ಟರ್ ಅಲ್ವಾ?" ಎಂದ.

ನನಗೆ ಅರ್ಥವಾಗಲಿಲ್ಲ ಎಂದು ಯಾರಾದರೂ ನನ್ನ ಪರ ಹೇಳಬಹುದು. ಅರ್ಥವಾಗಿತ್ತು. ಕಂಪನಿ ಪಾಸ್ ಮುಂದುವರಿಸದಿದ್ದರೆ ನಾನು ಊರಿಗೆ ಮರಳಬೇಕು. ನನ್ನ ಕುರ್ಚಿಯಿಂದ ವ್ಯಾಪಾರದ ಮೇಜುಗಳು ನಾಲ್ಕು ಹೆಜ್ಜೆ. ಮೇಡಂ ಟಿಪ್ಪಣಿ ಬಂದ ದಿನದಿಂದ ಅಲ್ಲಿ ಒಂದೇ ಸಮನೆ ಜೋಳ ಕೊಳ್ಳುತ್ತಿದ್ದರು. ಗಿರಾಕಿಗಳಿಗೆ ಅವಸರವಿಲ್ಲ ಎಂದು ಹೇಳಿ, ಬೆಲೆ ಏರಿದ ಮೇಲೆ ಅವರಿಗೇ ಮಾರಲು ತಾವು ಅವಸರದಿಂದ ಕೊಳ್ಳುತ್ತಿದ್ದರು. ಅದನ್ನು ಕಿವಿಯಾರೆ ಕೇಳುತ್ತಾ ನಾನು "ವಾಡಿಕೆಯ ಮಳೆ" ಎಂದು ಬರೆದೆ. ಚೆನ್ನಾಗಿಯೇ ಬರೆದೆ. ಮೇಡಂ ಕಲಿಸಿದ ಹಾಗೆ ಸಣ್ಣ ಸಣ್ಣ ವಾಕ್ಯ, ಗೊಂದಲವಿಲ್ಲ. ಕೆಳಗೆ ಅವರ ಸಹಿಯ ಸ್ಕ್ಯಾನ್ ಅಂಟಿಸಿದೆ. ಅದರ ಕೆಳಗೆ ಅವರದೇ ಸಾಲು: ಸಾಧ್ಯತೆ ಮಾತ್ರ, ಖಾತರಿಯಲ್ಲ.

ಮೇಡಂ ಬಂದ ಮೇಲೆ ಪತ್ರ ಹೋಯಿತೇ ಎಂದು ಕೇಳಿದರು. ಹೋಯಿತು ಎಂದೆ. ಅವರು ಬರೆದದ್ದು ಅವರ ಬಳಿಯೇ ಇತ್ತಲ್ಲ, ಹೋದ ಪತ್ರದ ಪ್ರತಿ ತೆಗೆದು ನೋಡಬೇಕೆಂದು ಅವರಿಗೆ ಅನ್ನಿಸಲಿಲ್ಲ. ನನ್ನನ್ನು ನಂಬಿದ್ದರು.

ಜೂನ್ ಕೊನೆಯ ಹೊತ್ತಿಗೆ ಅವರು ಹೇಳಿದ್ದು ಹೇಳಿದಂತೆ ಬಂತು. ಮಳೆ ನಿಂತಿತು, ಬಿಸಿಗಾಳಿ ಎದ್ದಿತು. ಅಯೋವಾದ ಪತ್ರಿಕೆಗಳಲ್ಲಿ ಸುರುಟಿದ ಜೋಳದೆಲೆಯ ಚಿತ್ರಗಳು ಬರತೊಡಗಿದವು. ಮೇಡಂ ಅವನ್ನು ನೋಡಿ ಒಂದು ಸಲವೂ "ನಾನು ಹೇಳಿದ್ದೆ" ಎನ್ನಲಿಲ್ಲ. "ತಪ್ಪಾಗಿದ್ರ ಚಲೋ ಇತ್ತು" ಎಂದರು, ಅಷ್ಟೆ. ಜೋಳದ ಬೆಲೆ ದಿನದಿನಕ್ಕೂ ಏರಿತು. ಜುಲೈ ಮುಗಿಯುತ್ತಿದ್ದಾಗ ಒಂದು ಮಧ್ಯಾಹ್ನ ಕೋಳಿ ಅಂಕಲ್ ಬಂದರು.

ಕೋಳಿ ಅಂಕಲ್ ಎಂದರೆ ಸೇತುವೆಯಾಚೆ, ಮಲೇಷ್ಯಾದ ಜೋಹೋರ್‌ನಲ್ಲಿ ಮೊಟ್ಟೆಕೋಳಿ ಸಾಕುವ ಚೀನೀ ಹಿರಿಯರು. ಕಂಪನಿಯ ತೀರಾ ಸಣ್ಣ ಗಿರಾಕಿ. ಈಮೇಲು ಅವರಿಗೆ ಒಗ್ಗದು, ಮಾತಿನ ಕೊನೆಗೆ ಆ ಕಡೆಯವರ ಹಾಗೆ ಒಂದು 'ಲಾ'. ವರ್ಷಕ್ಕೊಮ್ಮೆ ತಾವೇ ಬಂದು, ಉಪ್ಪು ಹಾಕಿದ ಮೊಟ್ಟೆಯ ಡಬ್ಬಿಯನ್ನು ಮೇಡಂ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಮೇಡಂ ಮೊಟ್ಟೆ ಮುಟ್ಟುವವರಲ್ಲ. ಆದರೂ ಎದ್ದು ನಿಂತು ಎರಡೂ ಕೈಯಿಂದ ತೆಗೆದುಕೊಂಡು, ಅವರು ಹೋದ ಮೇಲೆ ನನಗೆ ಕೊಡುತ್ತಿದ್ದರು. ಆ ದಿನ ಅಂಕಲ್ ಕೈಯಲ್ಲಿ ಡಬ್ಬಿ ಇರಲಿಲ್ಲ. ರಿಸೆಪ್ಶನ್ನಿನಲ್ಲಿ ನಿಂತು ಜೇಬಿನಿಂದ ಮಡಚಿದ ಕಾಗದ ತೆಗೆದರು.

"ಮೇಡಂ, ನನಗೆ ಯಾಕೆ ಸುಳ್ಳು ಹೇಳಿದ್ರಿ? ಕಾಯಬಹುದು ಅಂದ್ರಿ. ನಾನು ಕಾದೆ ಲಾ. ಈಗ ಮೇವು ಕೊಳ್ಳೋಕಾಗ್ತಿಲ್ಲ. ಅರ್ಧ ಕೋಳಿ ಮಾರಿಬಿಟ್ಟೆ. ಎರಡು ಶೆಡ್ ಕ್ಲೋಸ್."

"ನಾನು ಕಾಯಿರಿ ಅಂತ ಎಲ್ಲಿ ಬರೆದೆ ಅಂಕಲ್? ಒಣ ಬೇಸಿಗೆ ಅಂತ ಬರೆದಿದ್ದೆ" ಎನ್ನುತ್ತಾ ಮೇಡಂ ಕಾಗದ ಬಿಡಿಸಿದರು. ಓದಿದರು. ಸಹಿ ನೋಡಿದರು. ಮತ್ತೊಮ್ಮೆ ಮೊದಲಿಂದ ಓದಿದರು. ನಾನು ಗಾಜಿನ ಬಾಗಿಲ ಒಳಗೆ ನಿಂತು ಅವರ ಮುಖ ನೋಡುತ್ತಿದ್ದೆ.

ಒಳಗೆ ಅದೇ ಹೊತ್ತಿಗೆ ವ್ಯಾಪಾರ ವಿಭಾಗದವರು ಕೇಕ್ ತರಿಸಿದ್ದರು. ಆ ತಿಂಗಳ ಲಾಭಕ್ಕೆ. ಮೇಡಂ ಒಳಗೆ ಬಂದದ್ದನ್ನು ನೋಡಿ ಮುಖ್ಯಸ್ಥ ಚಪ್ಪಾಳೆ ತಟ್ಟಿದ. "ನೋಡಿ, ಸ್ಟಾರ್ ಬಂದ್ರು! ಈ ಸೀಸನ್ ಫುಲ್ ಕ್ರೆಡಿಟ್ ಮೇಡಂಗೆ!" ಒಂದಿಬ್ಬರು ಅವನ ಜೊತೆ ಚಪ್ಪಾಳೆ ಹೊಡೆದರು. ಮೇಡಂ ಕಾಗದವನ್ನು ಅವನ ಎದೆಯ ಹತ್ತಿರ ಹಿಡಿದರು.

"ಈ ಸಹಿ ಯಾರದು?"

"ನಿಮ್ಮದೇ ಅಲ್ವಾ. ಸಿಸ್ಟಮ್‌ನಲ್ಲಿ ಇದೆಯಲ್ಲ."

"ಈ ಮಾತು ಯಾರದು?"

ಅವನು ನನ್ನ ಕಡೆ ನೋಡಿದ. ನಾನು ಕೈಯಲ್ಲಿದ್ದ ಕೇಕಿನ ತಟ್ಟೆ ನೋಡಿದೆ. "ಟೀಮ್ ವರ್ಕ್ ಮೇಡಂ. ಎಡಿಟಿಂಗ್ ಎಲ್ಲಾ ಕಡೆ ಇರುತ್ತೆ. ಕೆಳಗೆ ನಿಮ್ಮ ಡಿಸ್ಕ್ಲೇಮರ್ ಕೂಡ ಇದೆ, ನೋಡಿ" ಎಂದು ನಕ್ಕ.

"ನನ್ನ ಖರೇ ಮಾತು ಕದ್ದು ನೀವು ಇಟ್ಟುಕೊಂಡ್ರಿ. ನನ್ನ ಹೆಸರಲೆ ಸುಳ್ಳು ಮಾಡಿ ಆ ಮನಶ್ಯಾಗ ಮಾರಿದ್ರಿ. ಆತ ಹೊರಗ ನಿಂತಾನ, ನೀವಿಲ್ಲಿ ಕೇಕ್ ತಿನ್ಲಿಕ್ಕತ್ತೀರಿ!" ಅವರು ಧಾರವಾಡದಲ್ಲಿ ಕೂಗಿದ್ದು ಅರ್ಧ ಆಫೀಸಿಗೆ ತಿಳಿಯಲಿಲ್ಲ. ಆದರೆ ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ಮೇಡಂ ಹೊರಗೆ ಹೋಗಿ ಅಂಕಲ್ ಮುಂದೆ ನಿಂತು, ಇಂಗ್ಲಿಷಿನಲ್ಲಿ, ಇದು ನನ್ನ ಪತ್ರವಲ್ಲ, ಆಫೀಸು ಬದಲಾಯಿಸಿದೆ ಎಂದರು. ಅಂಕಲ್ "ಯಾರು?" ಎಂದು ಕೇಳಿದರು. ಮೇಡಂಗೆ ಆಗ ಉತ್ತರ ಗೊತ್ತಿರಲಿಲ್ಲ.

ಸಂಜೆ ಅವರ ಹಿಂದೆಯೇ ಎಂ‌ಆರ್‌ಟಿ ರೈಲು ಹತ್ತಿದೆ. ಬೆಡೋಕ್‌ನಲ್ಲಿ ಇಳಿದು, ಅವರ ಬ್ಲಾಕಿನ ನೆಲಮಹಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲಿನ ಬೆಂಚಿನ ಹತ್ತಿರ ಕೂಗಿ ನಿಲ್ಲಿಸಿದೆ. ಬರೆದದ್ದು ನಾನೇ ಎಂದು ಹೇಳಿದೆ.

ಅವರು ಕೂತರು.

"ಯಾಕ?"

"ಪಾಸ್ ಹೋಗುತ್ತೆ ಅಂತ ಭಯ ಆಯ್ತು ಮೇಡಂ."

"ಹೋಗಿದ್ರ ಮೈಸೂರಿಗೆ ಹೋಗ್ತಿದ್ದಿ. ಅವ್ವನ ಕೈ ಊಟ ಉಣ್ತಿದ್ದಿ. ಅದಕ್ಕಿಂತ ಕೆಟ್ಟದ್ದು ಏನಾಗ್ತಿತ್ತು ನಿನಗ?" ದನಿ ಏರಿತು. "ನಾ ತಪ್ಪು ಹೇಳಿದ್ರ ಒಂದು ಮಾತು. ಆಕಾಶ ಯಾರ ಮಾತೂ ಕೇಳಂಗಿಲ್ಲ. ನೀ ಗೊತ್ತಿದ್ದೂ ಮಾಡೀದಿ. ನನ್ನ ಕಡಿಂದ ಕಲತು, ಅದ ಕೈಲೆ ಮಾಡೀದಿ."

ನಾನು ಅಳತೊಡಗಿದೆ. "ಅಳಬ್ಯಾಡ. ಅಳೋ ಹಕ್ಕು ನಿಂದಲ್ಲ ಇವತ್ತು. ನಾಳೆ ಒಂಬತ್ತಕ್ಕ ಪತ್ರ ಹೋದವರ ಪಟ್ಟಿ ತಗೊಂಡು ಬಾ" ಎಂದು ಎದ್ದು ಲಿಫ್ಟಿಗೆ ಹೋದರು.

ಮರುದಿನ ಅವರು ಆಫೀಸಿನ ಫೋನಿನಿಂದಲೇ, ಎಲ್ಲರೆದುರು, ಒಬ್ಬೊಬ್ಬ ಗಿರಾಕಿಗೂ ಕರೆ ಮಾಡಿದರು. ನಂಬರ್ ಒತ್ತುವುದು ನನ್ನ ಕೆಲಸ. ಮೊದಲು ತಮ್ಮ ನಿಜವಾದ ಮುನ್ನೋಟ ಓದುವುದು, ಆಮೇಲೆ, "ನಿಮಗೆ ಬಂದದ್ದು ಇದಲ್ಲ. ನನ್ನ ಹೆಸರಿನಲ್ಲಿ ಬಂದ ಸುಳ್ಳಿಗೆ ನಾನು ಕ್ಷಮೆ ಕೇಳುತ್ತೇನೆ" ಎನ್ನುವುದು. ಬದಲಾಯಿಸಿದವರು ಯಾರು ಎಂದು ಹಲವರು ಕೇಳಿದರು. ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗದೆ, "ಆಫೀಸು" ಎಂದರು. ಪ್ರತಿ ಸಲವೂ. ಊಟದ ಹೊತ್ತಿಗೆ ಅವರ ಲೈನು ಸತ್ತಿತು. ಎರಡು ಗಂಟೆಗೆ ಎಚ್‌ಆರ್‌ನಿಂದ ಇಬ್ಬರು ಬಂದು, ಬಣ್ಣದ ಪೆನ್ಸಿಲ್ಲುಗಳನ್ನು ಒಂದು ರಟ್ಟಿನ ಡಬ್ಬಕ್ಕೆ ಹಾಕಿಸಿ, ಲಿಫ್ಟಿನವರೆಗೆ ಬಿಟ್ಟುಬಂದರು. ಉಳಿದ ಕರೆಗಳನ್ನು ಅವರು ವಾಯ್ಡ್ ಡೆಕ್‌ನ ಬೆಂಚಿನ ಮೇಲೆ ಕೂತು ತಮ್ಮ ಮೊಬೈಲಿನಿಂದ ಮಾಡಿದರು. ನಾನೂ ಹೋಗಿದ್ದೆ. ಅರ್ಧ ದಿನ ರಜೆ ಹಾಕಿ! ಅಷ್ಟಾದರೂ ಕೆಲಸ ಬಿಡುವ ಧೈರ್ಯ ನನಗೆ ಬರಲು ಇನ್ನೂ ಐದು ತಿಂಗಳು ಬೇಕಾಯಿತು.

ಅವರ ಪಾಸ್ ರದ್ದಾಯಿತು. ಹೊರಡುವ ಮುಂಚೆ ದೂರು ಬರೆದರು, ವಕೀಲರನ್ನು ಕಂಡರು. ಎಲ್ಲರೂ ಪತ್ರದ ಅಡಿಯ ಸಾಲು ತೋರಿಸಿದರು: ಸಾಧ್ಯತೆ ಮಾತ್ರ, ಖಾತರಿಯಲ್ಲ. ವಕೀಲರ ಕಚೇರಿಯ ಮೆಟ್ಟಿಲಿಳಿಯುತ್ತಾ, "ಆ ಸಾಲು ಬರೆದಾಕಿ ನಾನ" ಎಂದು ಒಂದೇ ಸಲ ಹೇಳಿದರು. ಅಂಥ ದನಿಯನ್ನು ಅವರಿಂದ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ವರ್ಷದ ಕೊನೆಗೆ ಕಂಪನಿ ಹೊಳಪು ಕಾಗದದ ಪುಸ್ತಿಕೆ ಹೊರಡಿಸಿತು. "ಬರವನ್ನು ನಾವು ಮೊದಲೇ ಕಂಡಿದ್ದೆವು" ಎಂಬ ತಲೆಬರಹ, ಪಕ್ಕದಲ್ಲಿ ನಕ್ಷೆಯ ಮೇಲೆ ಬಾಗಿದ ಮೇಡಂ ಫೋಟೋ. ಅದರ ಪಠ್ಯ ತಿದ್ದಲು ನನ್ನ ಮೇಜಿಗೆ ಬಂತು. ಅವತ್ತು ರಾಜೀನಾಮೆ ಕೊಟ್ಟೆ. ಮುಖ್ಯಸ್ಥ ಬಡ್ತಿ ಪಡೆದು ಮೇಲಿನ ಮಹಡಿಗೆ ಹೋದ. ಅವನಿಗೆ ಏನೂ ಆಗಲಿಲ್ಲ. ಇದನ್ನು ಸಮಾಧಾನದಿಂದ ಬರೆಯಲು ನನಗೆ ಬರುವುದಿಲ್ಲ.

ಸಿಂಗಾಪುರದಲ್ಲೇ ಬಿಶಾನ್‌ನಲ್ಲಿ ಶಾಲಾಪುಸ್ತಕ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮೇಡಂ ಧಾರವಾಡದಲ್ಲಿ ಅಕ್ಕನ ಜೊತೆ ಇದ್ದರು. ಅಲ್ಲಿಂದಲೂ ಪ್ರತಿ ಮೇ ತಿಂಗಳು ಕೂತು ಆ ನಾಡಿನ ಬೇಸಿಗೆ ಲೆಕ್ಕ ಹಾಕಿ, ಜೋಹೋರ್‌ಗೆ ಫೋನ್ ಮಾಡಿ ಕೋಳಿ ಅಂಕಲ್‌ಗೆ ಓದಿ ಹೇಳುತ್ತಿದ್ದರು. ಆಮೇಲೆ ನನಗೆ ಮಾಡುತ್ತಿದ್ದರು. ಕ್ಷೇಮ ಸಮಾಚಾರ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೇ ಬರುತ್ತಿತ್ತು.

"ಅಂಕಲ್‌ಗ ಹೇಳೀದಿ, ಬರೆದಾಕಿ ನೀನಂತ?"

"ಇನ್ನೂ ಇಲ್ಲ ಮೇಡಂ."

"ನಾ ಹೇಳಂಗಿಲ್ಲ. ಅದು ನಿನ್ನ ಮಾತು."

ಬೈಯುತ್ತಿರಲಿಲ್ಲ. ಬೈದಿದ್ದರೆ ಸುಲಭವಿತ್ತು. ಐದು ಮೇ ತಿಂಗಳುಗಳು ಹೀಗೆ ಹೋದವು. ಆರನೆಯದಕ್ಕೆ ಮುಂಚೆ, ಮಾರ್ಚ್‌ನಲ್ಲಿ, ಅವರ ಅಕ್ಕ ಫೋನ್ ಮಾಡಿದರು. ಬೆಳಿಗ್ಗೆ ಚಹಾ ಕುಡಿದು ಪೇಪರ್ ತೆಗೆದುಕೊಳ್ಳಲು ಎದ್ದವರು ಬಿದ್ದರಂತೆ, ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಇರಲಿಲ್ಲವಂತೆ.

ಮೇ ಬಂತು. ನನ್ನ ನಂಬರನ್ನು ಹೇಗೋ ಹುಡುಕಿಸಿಕೊಂಡು ಕೋಳಿ ಅಂಕಲ್ ಕರೆ ಮಾಡಿದರು. "ವೆದರ್ ಮೇಡಂ ಈ ಸಲ ಫೋನ್ ಮಾಡಿಲ್ಲ. ಸಿಕ್ ಆ?" ತೀರಿಕೊಂಡರು ಎಂದೆ. ಅಂಕಲ್, "ಅವರು ಒಳ್ಳೆಯವರು ಲಾ. ಆ ಪತ್ರ ಬದಲಾಯಿಸಿದ ಮನುಷ್ಯನ ಹೆಸರು ನಾನು ಎಷ್ಟು ಕೇಳಿದರೂ ಹೇಳಲಿಲ್ಲ" ಎಂದರು.

"ಅದು ನಾನು ಅಂಕಲ್."

ಅವರು, "ಇಲ್ಲಿಗೆ ಬಾ. ನನ್ನ ಹೆಂಡತಿ ಮುಂದೆ ಹೇಳು" ಎಂದು ಫೋನ್ ಇಟ್ಟರು.

ಶನಿವಾರ ಬಸ್ ಹತ್ತಿ ಗಡಿ ದಾಟಿ ಹೋದೆ. ಅಂಕಲ್ ಗೇಟಿನಲ್ಲಿ ನಿಂತಿದ್ದರು, ನಮಸ್ಕಾರಕ್ಕೆ ತಲೆಯಾಡಿಸಲೂ ಇಲ್ಲ. ಅವರ ಹೆಂಡತಿ ಶೆಡ್ಡಿನ ಮುಂದೆ ಮೊಟ್ಟೆ ಆರಿಸುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಯಾವ ವಾಕ್ಯ ತೆಗೆದೆ, ಯಾವುದನ್ನು ಹಾಕಿದೆ ಎಂಬುದನ್ನೂ. ಆಂಟಿ ಕೈ ನಿಲ್ಲಿಸದೆ ಕೇಳಿದರು.

"ಆಗ ನಿನಗೆ ಯಾವುದರ ಭಯ?"

"ಕೆಲಸ ಹೋಗುತ್ತೆ ಅಂತ, ಆಂಟಿ."

ಅವರು ಮೊಟ್ಟೆಯ ಟ್ರೇ ಕೆಳಗಿಟ್ಟು, ಆಚೆ ಬದಿಯ ಎರಡು ಶೆಡ್ಡುಗಳನ್ನು ತೋರಿಸಿದರು. ತಗಡು ತುಕ್ಕು ಹಿಡಿದು, ಬಾಗಿಲಿಗೆ ಬಳ್ಳಿ ಹಬ್ಬಿತ್ತು. "ಅಲ್ಲಿ ಕೆಲಸ ಮಾಡ್ತಿದ್ದವರನ್ನ ನಾನೇ ಮನೆಗೆ ಕಳಿಸಿದೆ. ಅವರ ಹೆಸರು ಹೇಳ್ತೀನಿ. ಕೇಳು."

ಒಂದೊಂದಾಗಿ ಹೇಳಿದರು. ಯಾರು ಎಷ್ಟು ವರ್ಷ ಇದ್ದರು, ಯಾರಿಗೆ ಮಕ್ಕಳಿದ್ದರು, ಯಾರು ಹೋಗುವಾಗ ಅತ್ತರು. ಬಿಸಿಲಿನಲ್ಲಿ ನಿಂತು ಕೊನೆಯವರೆಗೆ ಕೇಳಿದೆ. ಹೇಳಿ ಮುಗಿಸಿ ಅವರು ಮತ್ತೆ ಮೊಟ್ಟೆಯ ಮುಂದೆ ಕೂತರು. ಹೋಗು ಎನ್ನಲಿಲ್ಲ, ಕೂರು ಎನ್ನಲಿಲ್ಲ. ಕ್ಷಮಿಸಿದೆ ಎಂದಂತೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಗೇಟಿನ ಹೊರಗೆ ಬಂದ ಮೇಲೆ, ಮರೆಯುವ ಮುಂಚೆ, ರಸ್ತೆ ಪಕ್ಕದಲ್ಲೇ ನಿಂತು ಆ ಹೆಸರುಗಳನ್ನೆಲ್ಲ ಬರೆದುಕೊಂಡೆ. ನನಗೆ ಬರೆಯಲು ಕಲಿಸಿದವರು ಮೇಡಂ.